ಕೊಬ್ಬು ಕಡಿಮೆಯಿರುವ ಮಾಂಸ ಯಾವ ಲೆಕ್ಕಕ್ಕೆ ಸೇರಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ. ಅನ್ನ, ಮುದ್ದೆ, ಚಪಾತಿಗಳನ್ನು ತಗ್ಗಿಸಿ, ಕಾರ್ಬೋಹೈಡ್ರೇಟ್ ಕಡಿಮೆಯಿರುವ ಊಟದ ಕ್ರಮಕ್ಕೆ ಬಂದವರು ಈಗ ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅವರಲ್ಲಿ ಮಾಂಸ ತಿನ್ನುವವರು ದಿನದ ಊಟವನ್ನು ಬರೆದಿಡಲು ಕುಳಿತಾಗ ಒಂದು ಪ್ರಶ್ನೆ ಏಳುತ್ತದೆ: ಚರ್ಮ ತೆಗೆದ ಕೋಳಿಯ ಎದೆಭಾಗದಂಥ ಮಾಂಸವನ್ನು ಪ್ರೋಟೀನಿನ ಲೆಕ್ಕಕ್ಕೆ ಬರೆಯಬೇಕೋ, ಕೊಬ್ಬಿನ ಲೆಕ್ಕಕ್ಕೆ ಬರೆಯಬೇಕೋ? ಈ ಲೆಕ್ಕದಲ್ಲಿ ತಪ್ಪಿದವರು ವಾರ ಕಳೆಯುವುದರೊಳಗೆ ಹಸಿವು, ಸುಸ್ತು ತಾಳಲಾರದೆ ಕ್ರಮವನ್ನೇ ಬಿಟ್ಟುಬಿಡುವುದನ್ನು ನಾನು ಕಂಡಿದ್ದೇನೆ. ಆದ್ದರಿಂದ ಇದನ್ನು ನಿಧಾನವಾಗಿ ನೋಡೋಣ.

ಬೇಯಿಸಿದ, ಚರ್ಮವಿಲ್ಲದ ಕೋಳಿಯ ಎದೆಭಾಗವನ್ನು 100 ಗ್ರಾಂ ತೂಗಿ ತಟ್ಟೆಗೆ ಹಾಕಿಕೊಂಡಿದ್ದೀರಿ ಎಂದುಕೊಳ್ಳಿ. ಅದರಲ್ಲಿ ಪ್ರೋಟೀನ್ ಸುಮಾರು 31 ಗ್ರಾಂ, ಕೊಬ್ಬು ಮೂರೂವರೆ ಗ್ರಾಂನಷ್ಟು. ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ನೀರು. ನೂರು ಗ್ರಾಂ ಮಾಂಸ ತಿಂದರೆ ನೂರು ಗ್ರಾಂ ಪ್ರೋಟೀನ್ ಸಿಕ್ಕಿತೆಂದು ಬರೆದುಕೊಳ್ಳುವವರೂ ಇದ್ದಾರಾದ್ದರಿಂದ ಈ ನೀರಿನ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಒಂದು ಗ್ರಾಂ ಪ್ರೋಟೀನಿಗೆ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ ಎಂದು ಹಿಡಿದರೆ, ಈ ತುಂಡಿನ ಶಕ್ತಿಯಲ್ಲಿ ಐದನೇ ಒಂದು ಪಾಲು ಮಾತ್ರ ಕೊಬ್ಬಿನಿಂದ ಬರುತ್ತದೆ. ಇದು ಪ್ರೋಟೀನ್ ಎನ್ನುವುದರಲ್ಲಿ ಸಂಶಯಕ್ಕೆ ಎಡೆಯಿಲ್ಲ.

ಅದೇ ಕೋಳಿಯ ತೊಡೆಭಾಗವನ್ನು ಚರ್ಮದ ಸಮೇತ ತೆಗೆದುಕೊಂಡರೆ ಚಿತ್ರ ತಿರುಗುತ್ತದೆ. ಹಸಿ ತುಂಡನ್ನು ಕೈಯಲ್ಲಿ ಹಿಡಿದು ಚರ್ಮವನ್ನು ಸ್ವಲ್ಪ ಎತ್ತಿ ನೋಡಿದರೆ ಅದರ ಅಡಿಯಲ್ಲಿ ಹಳದಿ ಬಣ್ಣದ ಮೆತ್ತನೆಯ ಪದರ ಅಂಟಿಕೊಂಡಿರುತ್ತದೆ, ಅದೇ ಕೊಬ್ಬು. ಇಂಥ ಹಸಿ ಮಾಂಸದ 100 ಗ್ರಾಂನಲ್ಲಿ ಪ್ರೋಟೀನೂ ಕೊಬ್ಬೂ ಸುಮಾರು ಹದಿನಾರು ಗ್ರಾಂನಂತೆ ಸರಿಸಮವಾಗಿರುತ್ತವೆ. ತೂಕದಲ್ಲಿ ಸಮವಾದರೂ ಶಕ್ತಿಯಲ್ಲಿ ಮೂರನೇ ಎರಡು ಪಾಲು ಕೊಬ್ಬಿನದೇ ಆಗುತ್ತದೆ. ಹಾಗಾಗಿ ಕೋಳಿ ಎಂಬ ಒಂದೇ ಹೆಸರಿನ ಮುಂದೆ ಒಂದೇ ಅಂಕಿಯನ್ನು ಬರೆದರೆ ಲೆಕ್ಕ ಕೂಡುವುದಿಲ್ಲ. ಮೀನಿನಲ್ಲೂ ಹೀಗೆಯೇ, ಕಾಣೆ ಮೀನಿನಲ್ಲಿ ಜಿಡ್ಡು ಕಡಿಮೆ, ಬೂತಾಯಿ ಮತ್ತು ಬಂಗುಡೆಯಲ್ಲಿ ಹೆಚ್ಚು, ಅದೂ ಋತುವಿಗೆ ತಕ್ಕಂತೆ ಏರಿಳಿಯುತ್ತದೆ.

ಅಮೆರಿಕದಲ್ಲಿ 1950ರಲ್ಲಿ ಮಧುಮೇಹಿಗಳಿಗಾಗಿ ಸಿದ್ಧವಾದ ಆಹಾರ ವಿನಿಮಯ ಪಟ್ಟಿಯ, ಎಂದರೆ ಒಂದರ ಬದಲಿಗೆ ಇನ್ನೊಂದನ್ನು ತಿನ್ನಬಹುದಾದ ಆಹಾರಗಳ ಪಟ್ಟಿಯ, ಮುಂದಿನ ಪರಿಷ್ಕೃತ ರೂಪಗಳು ಈ ತೊಡಕನ್ನು ಬಿಡಿಸಿದ ರೀತಿ ನನಗೆ ಬಹಳ ಮೆಚ್ಚುಗೆಯಾಗಿದೆ. ಅವುಗಳಲ್ಲಿ ಸುಮಾರು 28 ಗ್ರಾಂ ಮಾಂಸವನ್ನು ಒಂದು ಪಾಲೆಂದು ಹಿಡಿದು, ಯಾವ ಮಾಂಸವೇ ಆದರೂ ಅದಕ್ಕೆ 7 ಗ್ರಾಂ ಪ್ರೋಟೀನ್ ಎಂದು ಗೊತ್ತುಮಾಡಿ, ಕೊಬ್ಬನ್ನು ಮಾತ್ರ ಕಡಿಮೆಯದು, ನಡುವಿನದು, ಹೆಚ್ಚಿನದು ಎಂದು ಬೇರೆಬೇರೆಯಾಗಿ ವಿಂಗಡಿಸಿದರು. ಕಡಿಮೆ ಕೊಬ್ಬಿನ ಪಾಲಿಗೆ ಹೆಚ್ಚೆಂದರೆ 3 ಗ್ರಾಂ, ಹೆಚ್ಚು ಕೊಬ್ಬಿನದಕ್ಕೆ ಸುಮಾರು 8 ಗ್ರಾಂ. ಅಂದರೆ ಮಾಂಸ ಮೊದಲು ಪ್ರೋಟೀನಿನ ಮನೆಗೆ ಸೇರುತ್ತದೆ, ಆಮೇಲೆ ಅದರೊಂದಿಗೆ ಬಂದ ಕೊಬ್ಬು ಕೊಬ್ಬಿನ ಮನೆಗೆ ಹೋಗುತ್ತದೆ. ಮನೆಯಲ್ಲಿ ಬರೆದಿಡುವವರಿಗೂ ಇದಕ್ಕಿಂತ ಒಳ್ಳೆಯ ದಾರಿ ನನಗೆ ತೋರುವುದಿಲ್ಲ.

ಇಷ್ಟೊಂದು ಎಚ್ಚರಿಕೆ ಏಕೆಂದು ಕೇಳಬಹುದು. ಕಾರ್ಬೋಹೈಡ್ರೇಟ್ ಇಳಿಸಿದ ಮೇಲೆ ದೇಹಕ್ಕೆ ಶಕ್ತಿ ಮುಖ್ಯವಾಗಿ ಕೊಬ್ಬಿನಿಂದಲೇ ಬರಬೇಕು. ಅನ್ನವನ್ನೂ ಬಿಟ್ಟು, ಕೊಬ್ಬಿಗೂ ಹೆದರಿ, ಬರೀ ಎದೆಭಾಗದ ಮಾಂಸವನ್ನು ಬೇಯಿಸಿ ತಿನ್ನುವವರ ಒಲೆಗೆ ಸೌದೆಯೇ ಇಲ್ಲದಂತಾಗುತ್ತದೆ. ಆರ್ಕ್ಟಿಕ್ ಪ್ರದೇಶದ ಅನ್ವೇಷಕ ಸ್ಟೆಫಾನ್ಸನ್ 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ವೈದ್ಯರ ಕಣ್ಗಾವಲಿನಲ್ಲಿ ಮಾಂಸವನ್ನು ಮಾತ್ರ ತಿನ್ನುವ ಪ್ರಯೋಗಕ್ಕೆ ಒಪ್ಪಿಕೊಂಡಾಗ, ಮೊದಲು ಅವರಿಗೆ ಕೊಬ್ಬು ತೆಗೆದ ಮಾಂಸವನ್ನೇ ಕೊಡಲಾಯಿತು. ಎರಡು ಮೂರು ದಿನಗಳಲ್ಲೇ ಭೇದಿಯೂ ಸಂಕಟವೂ ಶುರುವಾದವು. ಕೊಬ್ಬಿರುವ ಮಾಂಸವನ್ನು ಕೊಟ್ಟ ಮೇಲೆ ಅವು ಇಳಿದವು. ಮೂತ್ರಪಿಂಡದ ತೊಂದರೆಯಿರುವವರು ಪ್ರೋಟೀನನ್ನು ಹೆಚ್ಚಿಸುವ ಮೊದಲು, ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಅನ್ನವನ್ನು ಇಳಿಸುವ ಮೊದಲು, ತಮ್ಮ ವೈದ್ಯರನ್ನು ಕೇಳಲೇಬೇಕು. ಔಷಧದ ಪ್ರಮಾಣ ಹಿಂದಿನಷ್ಟೇ ಉಳಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಇನ್ನು ನಮ್ಮ ಅಡುಗೆಮನೆಯ ಮಾತು. ಮಾಂಸವನ್ನು ಹಸಿಯಾಗಿ ತೂಗಿದ್ದರೆ ಹಸಿಯ ಅಂಕಿಯನ್ನೂ, ಬೇಯಿಸಿ ತೂಗಿದ್ದರೆ ಬೆಂದದ್ದರ ಅಂಕಿಯನ್ನೂ ಬಳಸಬೇಕು. ಬೇಯುವಾಗ ನೀರು ಹೋಗಿ ತೂಕ ಸುಮಾರು ಕಾಲುಭಾಗ ಇಳಿಯುತ್ತದೆ. ಮಟನ್ ಸಾರನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿರುತ್ತದಲ್ಲ, ಮಾಂಸದಿಂದ ಬಿಟ್ಟುಕೊಂಡ ಕೊಬ್ಬೂ ಒಗ್ಗರಣೆಯ ಎಣ್ಣೆಯೂ ಅಲ್ಲಿ ಕೂಡಿಕೊಂಡಿರುತ್ತವೆ. ಅದನ್ನು ಚಮಚದಿಂದ ತೆಗೆದರೋ, ಕಾಯಿಸಿ ಕಲಸಿ ಉಂಡರೋ ಎಂಬುದರ ಮೇಲೆ ಕೊಬ್ಬಿನ ಲೆಕ್ಕ ನಿಲ್ಲುತ್ತದೆ. ಎದೆಭಾಗದ ಕೋಳಿಸಾರಿಗೆ ಎರಡು ದೊಡ್ಡ ಚಮಚ ಎಣ್ಣೆ ಹಾಕಿದರೆ ಸುಮಾರು 28 ಗ್ರಾಂ, 50 ಗ್ರಾಂ ತೆಂಗಿನತುರಿ ರುಬ್ಬಿ ಹಾಕಿದರೆ ಇನ್ನೂ 16 ಗ್ರಾಂನಷ್ಟು ಕೊಬ್ಬು ಸೇರುತ್ತದೆ. ಕಾಲು ಕಿಲೋ ಹಸಿ ಎದೆಭಾಗದಲ್ಲಿ ಇರುವುದು ಆರೇಳು ಗ್ರಾಂ ಮಾತ್ರ. ಆ ಪಾತ್ರೆಯ ಮಟ್ಟಿಗೆ ಮಾಂಸವನ್ನು ಪ್ರೋಟೀನ್ ಎಂದು ಬರೆದು, ಕೊಬ್ಬನ್ನು ಎಣ್ಣೆಯ ಚಮಚ ಮತ್ತು ರುಬ್ಬಿದ ಕಾಯಿಯಿಂದ ಎಣಿಸಿಕೊಂಡು, ಎಷ್ಟು ಮಂದಿ ಬಡಿಸಿಕೊಂಡರೋ ಅಷ್ಟಕ್ಕೆ ಹಂಚಿಕೊಳ್ಳಿ. ನಮಸ್ಕಾರ.