ವಜ್ರದೊಳಗಿನ ಸುತ್ತುದಾರಿ

ಎಲ್ಲರಿಗೂ ನಮಸ್ಕಾರ. ಬ್ರಾಗ್ ನಿಯಮ ನಿಮಗೆಲ್ಲ ಗೊತ್ತು: ಎಕ್ಸ್-ಕಿರಣ ಹರಳಿನ ಪರಮಾಣು ಪದರಗಳಿಂದ ಕೆಲವು ನಿರ್ದಿಷ್ಟ ಕೋನಗಳಲ್ಲಿ ಮಾತ್ರ ಬಲವಾಗಿ ಪ್ರತಿಫಲಿಸುತ್ತದೆ. ಅದರ ಸೂತ್ರವನ್ನು ಮತ್ತೆ ಬರೆಯುವುದಿಲ್ಲ. ಆದರೆ ಲ್ಯಾಬ್‌ನಲ್ಲಿ ನಡೆಯುವ ಒಂದು ವಿಷಯ ನನ್ನನ್ನು ಕಾಡುತ್ತದೆ. ಆ ಪ್ರತಿಫಲನದ ಪೀಕ್, ಅಂದರೆ ತೀವ್ರತೆಯ ಶಿಖರ, ಅಳೆಯುತ್ತಾರೆ, ಕೊನೆಗೆ ಧ್ರುವೀಕರಣದ, ಅಂದರೆ ಅಲೆ ಅಲುಗುವ ದಿಕ್ಕಿನ, ತಿದ್ದುಪಡಿ ಅಂತ ಒಂದು ಅಂಕಿ ಗುಣಿಸುತ್ತಾರೆ, ಮುಗೀತು. ಧ್ರುವೀಕರಣ ಬರೀ ತಿದ್ದುಪಡಿ ಅಲ್ಲ. ಅದು ನಾವೇ ತಿರುಗಿಸಬಹುದಾದ ಕೀಲಿ.

1937ರಲ್ಲಿ ಜರ್ಮನ್ ಭೌತವಿಜ್ಞಾನಿ ರೆನ್ನಿಂಗರ್ ಒಂದು ವಜ್ರವನ್ನು 222 ಪ್ರತಿಫಲನಕ್ಕೆ ಕೂರಿಸಿದರು. 222 ಅನ್ನುವುದು ಹರಳಿನ ಒಂದು ಪದರಸಮೂಹದ ಗುರುತು. ವಜ್ರದ ರಚನೆಯಲ್ಲಿ 222 'ನಿಷಿದ್ಧ'. ಪರಮಾಣುಗಳಿಂದ ಬಂದ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಬಂಧಗಳಲ್ಲಿರುವ ಎಲೆಕ್ಟ್ರಾನ್‌ಗಳಿಂದ ಸ್ವಲ್ಪವೇ ಸ್ವಲ್ಪ ಉಳಿಯುತ್ತದೆ, ಅಷ್ಟೆ. ಈಗ ಅವರು ಹರಳನ್ನು ಆ ಪದರಗಳಿಗೆ ಲಂಬವಾದ ಅಕ್ಷದ ಮೇಲೆ ಬುಗುರಿಯ ಹಾಗೆ ನಿಧಾನವಾಗಿ ತಿರುಗಿಸಿದರು. ಬ್ರಾಗ್ ಕೋನ ಬದಲಾಗಲೇ ಇಲ್ಲ. ಆದರೂ ಕೆಲವು ಜಾಗಗಳಲ್ಲಿ ತೀವ್ರತೆ ದಿಢೀರನೆ ಏರಿತು! ಆ ಜಾಗಗಳಲ್ಲಿ ಇನ್ನೊಂದು ಪದರಸಮೂಹಕ್ಕೂ ಬ್ರಾಗ್ ನಿಯಮ ಕೂಡಿಬಂದಿತ್ತು. ಕಿರಣ ಮೊದಲು ಅದಕ್ಕೆ ಬಡಿದು, ಅಲ್ಲಿಂದ ಮೂರನೆಯ ಪದರಸಮೂಹಕ್ಕೆ ಬಡಿದು, ಕೊನೆಗೆ 222ರ ದಿಕ್ಕಿಗೇ ಬರುತ್ತಿತ್ತು. ಅದಕ್ಕೆ ಜರ್ಮನ್‌ನಲ್ಲಿ 'ಉಮ್‌ವೆಗ್' ಅಂದರು, ಅಂದರೆ ಸುತ್ತುದಾರಿ. ಮುಂಬಾಗಿಲು ಮುಚ್ಚಿದ್ದರೆ ಹಿತ್ತಲ ಬಾಗಿಲಿಂದ ಬಂದ ಹಾಗೆ.

ವಜ್ರ ಅಂದ ಕೂಡಲೇ ಬೆಂಗಳೂರಿನವರಿಗೆ ರಾಮನ್ ನೆನಪಾಗುತ್ತಾರೆ, ಅಲ್ವಾ? 1940ರಲ್ಲಿ ಅವರೂ ನೀಲಕಂಠನ್ ಅವರೂ ವಜ್ರದಲ್ಲಿ ಬೇರೆ ಥರದ ಹೆಚ್ಚುವರಿ ಚುಕ್ಕೆಗಳನ್ನು ಕಂಡರು. ಅದರ ಕಾರಣ ಬೇರೆ, ಅದರ ವಾದವೂ ದೊಡ್ಡದು. ಅದಕ್ಕೆ ಇನ್ನೊಂದು ಸಂಜೆ ಬೇಕು.

ಈಗ ನನ್ನ ಕೀಲಿಗೆ ಬರುತ್ತೇನೆ. ಉಯ್ಯಾಲೆಯನ್ನು ಪಕ್ಕದಿಂದ ನೋಡಿದರೆ ಪೂರ್ತಿ ತೂಗಾಟ ಕಾಣುತ್ತದೆ. ಅದು ತೂಗುವ ದಿಕ್ಕಿನಲ್ಲೇ, ನೇರ ಎದುರಿಗೆ ನಿಂತರೆ ಅಡ್ಡ ಚಲನೆ ಕಾಣುವುದೇ ಇಲ್ಲ. ಎಲೆಕ್ಟ್ರಾನೂ ಹಾಗೆಯೇ. ಅದು ಅಲುಗುವ ದಿಕ್ಕಿನಲ್ಲಿ ಕಿರಣ ಹೊರಬೀಳುವುದಿಲ್ಲ. 1906ರಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಬಾರ್ಕ್ಲಾ ಎಕ್ಸ್-ಕಿರಣವನ್ನು ಇಂಗಾಲದಿಂದ ಎರಡು ಸಲ ಚದುರಿಸಿ ತೋರಿಸಿದ್ದು ಇದನ್ನೇ.

ತಾಮ್ರದ ಎಕ್ಸ್-ಕಿರಣ ಕೊಳವೆಯ 1.54 ಆಂಗ್‌ಸ್ಟ್ರಾಮ್ ಅಲೆಯುದ್ದದ ಕಿರಣಕ್ಕೆ ವಜ್ರದ 222ರ ಬ್ರಾಗ್ ಕೋನ ಸುಮಾರು 48.4 ಡಿಗ್ರಿ. ಅಂದರೆ ಕಿರಣ ತಿರುಗುವುದು 96.8 ಡಿಗ್ರಿ. ತಿರುಗುವ ತಲದೊಳಗೆ ಅಲುಗುವ ಭಾಗ, ಅಂದರೆ 'ಪೈ' ಭಾಗ, ತೀವ್ರತೆಯಲ್ಲಿ ತಲಕ್ಕೆ ಲಂಬವಾಗಿ ಅಲುಗುವ 'ಸಿಗ್ಮಾ' ಭಾಗದ ನೂರರಲ್ಲಿ ಒಂದೂವರೆ ಪಾಲಿಗಿಂತ ಕಡಿಮೆ. ಬೇಕಾದ ಅಲೆಯುದ್ದ ಆರಿಸಿಕೊಳ್ಳಬಹುದಾದ ಸಿಂಕ್ರೊಟ್ರಾನ್ ಎಂಬ ಎಕ್ಸ್-ಕಿರಣ ಯಂತ್ರದಲ್ಲಿ 1.456 ಆಂಗ್‌ಸ್ಟ್ರಾಮ್ ಆರಿಸಿದರೆ ಕಿರಣ ಸರಿಯಾಗಿ 90 ಡಿಗ್ರಿ ತಿರುಗುತ್ತದೆ. ಆಗ ಪೈ ಪೂರ್ತಿ ಸೊನ್ನೆ. ನೇರದಾರಿಗೆ, ಅಂದರೆ 222ರಿಂದಲೇ ಬರುವ ಕಿರಣಕ್ಕೆ, ಎರಡು ಬೀಗ: 222 ನಿಷಿದ್ಧ, ಪೈ ಸೊನ್ನೆ.

ಆದರೆ ಸುತ್ತುದಾರಿ ತೆರೆದೇ ಇರುತ್ತದೆ! ಯಾಕೆ? ಸುತ್ತುದಾರಿಯ ಮೊದಲ ತಿರುವು ಸಾಮಾನ್ಯವಾಗಿ ಆ ತಲದಿಂದ ಹೊರಗೆ ಹೋಗುತ್ತದೆ. ಅಲ್ಲಿ ಕಿರಣದ ಅಲುಗಾಟದ ದಿಕ್ಕೇ ಬದಲಾಗುತ್ತದೆ. ಎರಡನೆಯ ತಿರುವಿಗೆ ಬರುವಾಗ ಅದು ಶುದ್ಧ ಪೈ ಆಗಿ ಉಳಿದಿರುವುದಿಲ್ಲ. ಇಲ್ಲಿ ನೋಡಿ, ಬೆಳಕಿನ ಒಂದೇ ದಿಕ್ಕಿನ ಅಲುಗಾಟವನ್ನು ಮಾತ್ರ ಬಿಡುವ ಎರಡು ಪೋಲರಾಯ್ಡ್ ತುಂಡು. ಅಡ್ಡಡ್ಡ ಇಟ್ಟರೆ ಕತ್ತಲೆ. ನಡುವೆ ಮೂರನೆಯದನ್ನು ಓರೆಯಾಗಿ ತೂರಿಸುತ್ತೇನೆ. ಬೆಳಕು ಬಂತು! ಹಿಂದೆ ಕೂತವರಿಗೂ ಕಾಣುತ್ತಿದೆಯಾ? ನಾನು ಓದುವಾಗ ಇದನ್ನು ಮೊದಲ ಸಲ ನೋಡಿ ಆ ರಾತ್ರಿ ನಿದ್ದೆ ಮಾಡಲಿಲ್ಲ. ಅಡ್ಡಿ ಜಾಸ್ತಿ ಮಾಡಿದರೆ ಬೆಳಕು ಜಾಸ್ತಿ ಬರುತ್ತದೆ! ಹರಳಿನಲ್ಲಿ ಆ ನಡುವಿನ ತುಂಡಿನ ಕೆಲಸ ಮಾಡುವುದು ಸುತ್ತುದಾರಿಯ ತಿರುವು.

ಐದೇ ನಿಮಿಷ ಅಂತ ಚೀಟಿ ಬಂತು. ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ನಿಷಿದ್ಧವಲ್ಲದ, ಬಲವಾದ ಪ್ರತಿಫಲನದಲ್ಲಿ ನೇರದಾರಿಯ ಅಲೆ ಸುತ್ತುದಾರಿಯ ಅಲೆಯನ್ನು ಮುಳುಗಿಸಿಬಿಡುತ್ತದೆ. ಧ್ರುವೀಕರಣದ ಕೀಲಿ ತಿರುಗಿಸಿ ನೇರದಾರಿಯನ್ನು ತಗ್ಗಿಸಿದರೆ ಎರಡೂ ಸರಿಸಮ ಆಗುತ್ತವೆ. ಆಗ ಅವು ಕೂಡಿ ಕಳೆಯುವುದು ಪೀಕ್‌ನ ಓರೆ ಆಕಾರದಲ್ಲಿ ಎದ್ದು ಕಾಣುತ್ತದೆ. ಆ ಆಕಾರದಲ್ಲಿ ಫೇಸ್ ಇದೆ, ಅಂದರೆ ಒಂದು ಅಲೆಯ ಏರಿಳಿತ ಇನ್ನೊಂದಕ್ಕಿಂತ ಎಷ್ಟು ಹಿಂದೆ ಮುಂದೆ ಅನ್ನುವ ಮಾಹಿತಿ. ಸಾಧಾರಣ ಅಳತೆಯಲ್ಲಿ ನಾವು ಕಳೆದುಕೊಳ್ಳುವುದು ಅದನ್ನೇ ಅಲ್ವಾ? ಹಾಗಾಗಿ ದಯವಿಟ್ಟು ಇದನ್ನು ಬರೀ ತಿದ್ದುಪಡಿ ಅನ್ನಬೇಡಿ.

ವೃತ್ತೀಯ ಧ್ರುವೀಕರಣದ ಬಗ್ಗೆ ಹೇಳಲು ಸಮಯವಿಲ್ಲ. ಪೋಲರಾಯ್ಡ್ ತುಂಡುಗಳು ಈ ಮೇಜಿನ ಮೇಲೇ ಇರುತ್ತವೆ. ಬಂದು ನೀವೇ ತಿರುಗಿಸಿ ನೋಡಿ.