ಕಪಾಟಿನ ಕೀಲಿ ತೆಗೀರಿ, ಪುಸ್ತಕ ಮಕ್ಕಳ ಮನೆಗೆ ಹೋಗಲಿ

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರ್. ಪಾಠದ ಜೊತೆಗೆ ಗ್ರಂಥಾಲಯದ ಚಾರ್ಜೂ ನನ್ನ ಹತ್ತಿರಾನೇ ಇದೆ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಪಾಲಕರು ಅಂತ ಬೇರೆ ಹುದ್ದೆ ಇಲ್ಲ. ಇದ್ದವರಲ್ಲೇ ಒಬ್ಬರ ಕೈಗೆ ಕಪಾಟಿನ ಕೀಲಿಕೈ ಕೊಡುತ್ತಾರೆ, ದಾಸ್ತಾನು ರಜಿಸ್ಟರ್ ಕೊಡುತ್ತಾರೆ, ಸಹಿ ಹಾಕಿಸಿಕೊಳ್ಳುತ್ತಾರೆ.

ಇವತ್ತು ಆ ಸಹಿಯ ಬಗ್ಗೆಯೇ ಮಾತಾಡಬೇಕು.

ಸಹಿ ಹಾಕಿದ ದಿನದಿಂದ ಕಪಾಟಿನೊಳಗಿನ ಒಂದೊಂದು ಪುಸ್ತಕಕ್ಕೂ ನಾವೇ ಹೊಣೆ. ವರ್ಗಾವಣೆ ಆದರೆ, ನಿವೃತ್ತಿ ಆದರೆ ಎಣಿಸಿ ಒಪ್ಪಿಸಬೇಕು. ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ನನಗೆ ಗೊತ್ತಿರುವ ಒಬ್ಬ ಹಿರಿಯ ಮಾಸ್ತರು ನಿವೃತ್ತಿಯ ತಿಂಗಳಲ್ಲಿ ಹುಬ್ಬಳ್ಳಿ, ಧಾರವಾಡದ ಪುಸ್ತಕದ ಅಂಗಡಿಗಳನ್ನು ಸುತ್ತಿದರು. ಎಷ್ಟೋ ವರ್ಷ ಹಿಂದೆ ಅಚ್ಚಾಗಿದ್ದ ಮಕ್ಕಳ ಕಥೆ ಪುಸ್ತಕಗಳನ್ನು ಹುಡುಕಿ, ಸ್ವಂತ ದುಡ್ಡಿನಲ್ಲಿ ಕೊಂಡು ತಂದು ಲೆಕ್ಕ ಸರಿ ಮಾಡಿದರು. ಅವರು ಮಕ್ಕಳಿಗೆ ಧಾರಾಳವಾಗಿ ಪುಸ್ತಕ ಕೊಡುತ್ತಿದ್ದವರು. ಅವರ ಶಾಲೆಯ ಮಕ್ಕಳು ಓದುತ್ತಿದ್ದರು. ಅಂಥವರಿಗೆ ಈ ಗತಿ. ಇನ್ನೊಂದು ಶಾಲೆಯಲ್ಲಿ ಒಂದು ಪುಸ್ತಕವೂ ಕಳೆದಿರಲಿಲ್ಲ. ಕಪಾಟನ್ನು ತೆರೆದಿದ್ದರೆ ತಾನೇ ಕಳೆಯುವುದು? ಅಲ್ಲಿ ಎಲ್ಲ ಲೆಕ್ಕ ಸರಿ ಇತ್ತು, ಅಧಿಕಾರಿಗಳು ಒಳ್ಳೆಯ ಮಾತು ಬರೆದು ಹೋದರು.

ಇದನ್ನು ನೋಡಿದ ಯಾವ ಟೀಚರ್ ಕಪಾಟಿನ ಬಾಗಿಲು ತೆಗೆಯುತ್ತಾರೆ ಹೇಳಿ? ನಮ್ಮ ಶಿಕ್ಷಕರಿಗೆ ಓದಿನ ಮೇಲೆ ಪ್ರೀತಿ ಇಲ್ಲ ಅಂತ ಬಹಳ ಜನ ಬೈಯುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಪ್ರೀತಿ ಇದೆ, ಅದಕ್ಕಿಂತ ಜಾಸ್ತಿ ಲೆಕ್ಕದ ಭಯ ಇದೆ.

ಕಾನೂನೇನೂ ಪುಸ್ತಕವನ್ನು ಬಚ್ಚಿಡಿ ಅಂತ ಹೇಳಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಪ್ರತಿ ಶಾಲೆಗೂ ಗ್ರಂಥಾಲಯ ಬೇಕು, ಅದರಲ್ಲಿ ದಿನಪತ್ರಿಕೆ, ಮಾಸಪತ್ರಿಕೆ, ಎಲ್ಲ ವಿಷಯದ ಪುಸ್ತಕ, ಕಥೆ ಪುಸ್ತಕ ಇರಬೇಕು ಅಂತ ಬರೆದಿದೆ. ಕಥೆ ಪುಸ್ತಕ ಅಂತ ಬಿಡಿಸಿ ಹೇಳಿದ್ದಾರೆ, ಗಮನಿಸಿ. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯಲ್ಲಿ ಶಾಲೆಯ ಮಟ್ಟ ನೋಡಿ ವರ್ಷಕ್ಕೆ ₹5,000ದಿಂದ ₹20,000ದವರೆಗೆ ಗ್ರಂಥಾಲಯದ ಅನುದಾನವೂ ಇದೆ. ಪುಸ್ತಕ ಬರುತ್ತವೆ. ಬಂದ ಮೇಲೆ ಏನಾಗುತ್ತದೆ ಅನ್ನುವುದೇ ನನ್ನ ಚಿಂತೆ.

ನಮ್ಮಲ್ಲಿ ಒಂದು ತಿಂಗಳು ಹೇಗೆ ಸಾಗುತ್ತದೆ ಅಂತ ಹೇಳುತ್ತೇನೆ. ಶನಿವಾರ ಬೆಳಗಿನ ಶಾಲೆ ಅಲ್ವಾ, ಗ್ರಂಥಾಲಯದ ಕೆಲಸ ಎಲ್ಲ ಶನಿವಾರವೇ. ಬಿಡುವ ಮುಂಚೆ ಪ್ರತಿ ಮಗುವೂ ಒಂದು ಪುಸ್ತಕ ಒಯ್ಯಬೇಕು. ಹೆಸರು ಬರೆದುಕೊಳ್ಳುವವರು ಆರನೇ, ಏಳನೇ ತರಗತಿಯ ಮಕ್ಕಳೇ. ಒಂದನೇ ತರಗತಿಯವರಿಗೆ ಇನ್ನೂ ಹೆಸರು ಬರೆಯಲು ಬರುವುದಿಲ್ಲ. ಅವರಿಗೆ ತಲೆಗೊಂದು ಚಿತ್ರ ಇದೆ. ಒಬ್ಬನದು ಬುಗುರಿ, ಒಬ್ಬಳದು ಎಮ್ಮೆ. ಆ ಚಿತ್ರ ಬರೆದರೆ ಅದೇ ಸಹಿ. ಎಮ್ಮೆಯ ಹುಡುಗಿ ಪ್ರತಿ ವಾರ ಕೋಡು ಇನ್ನಷ್ಟು ಉದ್ದ ಮಾಡುತ್ತಾ ಹೋಗಿ, ಈಗ ಮೇಲಿನ ಸಾಲಿನವರ ಹೆಸರಿನೊಳಗೆ ಕೋಡು ನುಗ್ಗಿದೆ.

ತಿಂಗಳ ಮೊದಲ ಶನಿವಾರ ದಾರದ ಮೇಲಿನ ಪುಸ್ತಕ ಬದಲಾಗುತ್ತವೆ. ಗೋಡೆಗೆ ದಾರ ಕಟ್ಟಿ, ಪುಸ್ತಕಗಳನ್ನು ತೆರೆದು ತೂಗು ಹಾಕುತ್ತೇವೆ. ಯಾಕೆ ಅಂದರೆ, ಚಿಕ್ಕ ಮಕ್ಕಳ ಪುಸ್ತಕ ಹದಿನಾರು ಪುಟ, ಇಪ್ಪತ್ನಾಲ್ಕು ಪುಟ ಇರುತ್ತವೆ. ಬೆನ್ನಿನ ಮೇಲೆ ಹೆಸರು ಬರೆಯುವಷ್ಟು ದಪ್ಪವೇ ಇರುವುದಿಲ್ಲ. ಕಪಾಟಿನಲ್ಲಿ ಒಂದಕ್ಕೊಂದು ಒತ್ತಿ ನಿಲ್ಲಿಸಿದರೆ ಅವು ಕಣ್ಣಿಗೇ ಬೀಳುವುದಿಲ್ಲ. ಮಗು ಮುಖಪುಟದ ಚಿತ್ರ ನೋಡಿ ಪುಸ್ತಕ ಆರಿಸುತ್ತದೆ. ಮುಖ ಕಾಣದ ಪುಸ್ತಕವನ್ನು ಯಾರೂ ಕೇಳುವುದಿಲ್ಲ.

ಎರಡನೇ ವಾರ ದೊಡ್ಡ ಮಕ್ಕಳು ನಲಿ-ಕಲಿ ಮಕ್ಕಳಿಗೆ, ಅಂದರೆ ಒಂದರಿಂದ ಮೂರನೇ ತರಗತಿಯವರಿಗೆ, ಓದಿ ಹೇಳುತ್ತಾರೆ. ಮೂರನೆಯದು ಬ್ಯಾಗಿಲ್ಲದ ಸಂಭ್ರಮ ಶನಿವಾರ. ಅವತ್ತು ಓದಿದ್ದನ್ನು ಆಡಿ ತೋರಿಸುವುದು, ಚಿತ್ರ ಬರೆಯುವುದು ಎಲ್ಲ ನಡೆಯುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಕೊನೆಯ ಶನಿವಾರ. ಅದು ರಿಪೇರಿ ದಿನ. ಮಕ್ಕಳು ಚಾಪೆ ಹಾಸಿ ಕೂರುತ್ತಾರೆ. ತೆಳ್ಳನೆಯ ಪುಸ್ತಕಗಳಿಗೆ ನಡುವೆ ಎರಡು ಪಿನ್ನು ಹೊಡೆದಿರುತ್ತಾರೆ. ಮುಂಗಾರು ಮಳೆ ಹಿಡಿದರೆ ಆ ಪಿನ್ನು ಜಂಗು ಹಿಡಿಯುತ್ತದೆ, ಕಾಗದ ಅಲ್ಲೇ ಹರಿಯುತ್ತದೆ, ನಡುವಿನ ಹಾಳೆಗಳು ಉದುರುತ್ತವೆ. ಮೊದಲು ಪಿನ್ನು ಕಿತ್ತು ತೆಗೆಯಬೇಕು. ಮಡಿಕೆಯ ಮೇಲೆ ದಬ್ಬಣದಿಂದ ಮೂರು ತೂತು. ದಾರವನ್ನು ಒಳಗಿನಿಂದ ನಡುವಿನ ತೂತಿಗೆ ಹಾಕಿ ಹೊರಗೆ ತರಬೇಕು. ಮೇಲಿನ ತೂತಿನಿಂದ ಒಳಗೆ, ಒಳಗೆ ಉದ್ದಕ್ಕೆ ಬಂದು ಕೆಳಗಿನ ತೂತಿನಿಂದ ಹೊರಗೆ, ಮತ್ತೆ ನಡುವಿನ ತೂತಿನಿಂದ ಒಳಗೆ. ಉದ್ದದ ಎಳೆಯನ್ನು ನಡುವೆ ಸಿಕ್ಕಿಸಿ ಎರಡೂ ತುದಿ ಗಂಟು ಹಾಕಿದರೆ ಮುಗಿಯಿತು. ಆ ಹೊಲಿಗೆ ಪಿನ್ನಿಗಿಂತ ಎಷ್ಟೋ ಗಟ್ಟಿ.

ಹರಿದ ಹಾಳೆಗೆ ಸೆಲ್ಲೋ ಟೇಪ್ ಹಚ್ಚಲು ಬಿಡುವುದಿಲ್ಲ. ಒಂದೆರಡು ವರ್ಷಕ್ಕೆ ಟೇಪ್ ಹಳದಿಯಾಗಿ ಉದುರುತ್ತದೆ, ಅಂಟು ಮಾತ್ರ ಕಾಗದದಲ್ಲಿ ಕಲೆಯಾಗಿ ಉಳಿಯುತ್ತದೆ. ಬಿಸಿಯೂಟದ ಅಡುಗೆಯ ಅಕ್ಕ ಮೈದಾ ಹಿಟ್ಟಿನ ಅಂಟು ಕುದಿಸಿ ಕೊಡುತ್ತಾರೆ. ಅದನ್ನು ತೆಳ್ಳಗೆ ಸವರಿ, ತೆಳು ಕಾಗದದ ಪಟ್ಟಿ ಹಚ್ಚಿ, ಮೇಲೆ ಕಲ್ಲು ಹೇರಿ ಪೂರ್ತಿ ಒಣಗಿಸಬೇಕು. ಹಸಿ ಉಳಿದರೆ ಹುಳ ಬೀಳುತ್ತದೆ.

ಈ ಕೆಲಸದಲ್ಲಿ ಒಂದು ತೊಂದರೆ ಇದೆ, ಅದು ಮುಗಿಯುವುದೇ ಇಲ್ಲ. ಹೊಲಿಯುತ್ತಾ ಕೂತ ಏಳನೇ ತರಗತಿಯ ಹುಡುಗ ನಡುವೆ ನಿಲ್ಲಿಸಿ, "ಟೀಚರ್, ಇದನ್ನ ನಾ ಮೂರನೇತ್ತಾ ಇದ್ದಾಗ ಓದಿದ್ದೆ ನೋಡ್ರಿ" ಅನ್ನುತ್ತಾನೆ. ಆಮೇಲೆ ದಬ್ಬಣ ಚಾಪೆಗೆ ಚುಚ್ಚಿಟ್ಟು ಮೊದಲ ಪುಟದಿಂದ ಓದಲು ಶುರು ಮಾಡುತ್ತಾನೆ. ನಾನು ಏನೂ ಅನ್ನುವುದಿಲ್ಲ.

ರಿಪೇರಿಗೆ ಬಂದ ಪುಸ್ತಕಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದಿಡುತ್ತೇನೆ. ಮುಂದಿನ ಸಲ ಯಾವ ಪುಸ್ತಕ ಕೊಳ್ಳಬೇಕು ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಪಟ್ಟಿ ಬೇಡ. ಪ್ರಾಣಿಗಳ ಕಥೆ, ನಗಿಸುವ ಪದ್ಯ, ದೆವ್ವದ ಕಥೆ, ಬೀಜ ನೆಟ್ಟು ನೋಡುವಂಥ ಪ್ರಯೋಗದ ಪುಸ್ತಕ, ಇವೇ ಹರಿಯುವುದು. ಸಣ್ಣ ಅಕ್ಷರದ, ಚಿತ್ರವೇ ಇಲ್ಲದ, ಹತ್ತು ವರ್ಷದ ಮಗುವಿಗೆ ಎತ್ತಲೂ ಭಾರ ಆಗುವ ಪುಸ್ತಕಗಳು ಬಂದ ದಿನ ಹೇಗಿದ್ದವೋ ಹಾಗೇ ಇವೆ. ಅಂಥವೂ ಕಟ್ಟುಗಟ್ಟಲೆ ಬರುತ್ತವೆ. ಮಕ್ಕಳನ್ನು ಕೇಳಿ ಕೊಂಡರೆ ಹೀಗಾಗುವುದಿಲ್ಲ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಆಗ ನಮ್ಮ ಕೆಲವು ಮಕ್ಕಳನ್ನು ಪುಸ್ತಕದ ಮಳಿಗೆಗಳಿಗೆ ಕರೆದುಕೊಂಡು ಹೋಗಿದ್ದೆವು. ಆರಿಸುವ ಕೆಲಸ ನಿಮ್ಮದೇ ಅಂದೆವು. ಒಬ್ಬ ಹುಡುಗಿ ಮಳಿಗೆಯ ಮುಂದೆ ನಿಂತಲ್ಲೇ ಒಂದು ಪುಸ್ತಕ ಓದಿ ಮುಗಿಸಿ ವಾಪಸ್ ಇಟ್ಟಳು. "ಇದು ಓದಿ ಆತ್ರಿ, ಬ್ಯಾರೇದು ತಗೊಳ್ಳೋಣ್ರಿ" ಅಂದಳು. ಮಾರುವವರಿಗೂ ನಗು ಬಂತು. ಅವತ್ತು ಮಕ್ಕಳು ಆರಿಸಿದ ಪುಸ್ತಕಗಳಲ್ಲಿ ಒಂದೂ ಕಪಾಟಿನಲ್ಲಿ ಸುಮ್ನೆ ಕೂತಿಲ್ಲ.

ಈಗ ಕಳೆಯುವ ವಿಷಯಕ್ಕೆ ಬರುತ್ತೇನೆ. ಪುಸ್ತಕ ಹೊರಗೆ ಹೋದರೆ ಕಳೆಯುತ್ತದೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ಬ್ಯಾಡಗಿ ಸುತ್ತಮುತ್ತ ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಎಷ್ಟೋ ಮಕ್ಕಳು ಅವ್ವನ ಜೊತೆ ಹೊಲಕ್ಕೆ ಹೋಗುತ್ತಾರೆ. ತರಗತಿಯಲ್ಲಿ ಅರ್ಧ ಬೆಂಚು ಖಾಲಿ. ಆ ದಿನಗಳಲ್ಲಿ ಮಗುವಿಗೂ ಶಾಲೆಗೂ ನಡುವೆ ಉಳಿಯುವುದು ಶನಿವಾರ ಒಯ್ದ ಆ ಒಂದು ಪುಸ್ತಕ ಮಾತ್ರ. ಅದು ಕೆಂಪು ಬೆರಳಿನ ಗುರುತು ಹೊತ್ತು ವಾಪಸ್ ಬರುತ್ತದೆ. ಕೆಲವು ಮನೆಯವರು ದುಡಿಯಲು ಗುಳೆ ಹೋಗುತ್ತಾರೆ, ಮಗುವಿನ ಚೀಲದಲ್ಲಿ ಪುಸ್ತಕವೂ ಹೋಗುತ್ತದೆ. ದಾಸ್ತಾನಿನಲ್ಲಿ ಒಂದು ಕಡಿಮೆ ಬಿತ್ತು ಅಂತ ಆ ಮಗುವಿನ ಕೈಯಿಂದ ಕಸಿದುಕೊಳ್ಳಲು ನನಗಂತೂ ಆಗುವುದಿಲ್ಲ. ಆ ಪುಸ್ತಕ ಇರಬೇಕಾದ ಜಾಗದಲ್ಲೇ ಇದೆ.

ಇಷ್ಟಕ್ಕೂ ಸರ್ಕಾರಕ್ಕೆ ಈ ಮಾತು ಹೊಸದಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೇ ನಿಯಮ ಓದಿ. ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ಅಂತ ಒಪ್ಪಬಹುದು, ಮೋಸದಿಂದಲೋ ನಿರ್ಲಕ್ಷ್ಯದಿಂದಲೋ ಕಳೆದಿರಬಾರದು ಅಷ್ಟೆ. ಸಾವಿರ ರೂಪಾಯಿಗಿಂತ ಜಾಸ್ತಿ ಬೆಲೆಯ ಪುಸ್ತಕ ಅಥವಾ ಅಪರೂಪದ ಪುಸ್ತಕ ಹೋದರೆ ಮಾತ್ರ ತನಿಖೆ ಆಗಲೇಬೇಕು. ಇದು ಕೇಂದ್ರದ ಕಚೇರಿಗಳ ನಿಯಮ, ನಮ್ಮ ಹಳ್ಳಿ ಶಾಲೆಯದಲ್ಲ. ಆದರೆ ಅದರ ಲೆಕ್ಕದ ಜಾಣತನ ನೋಡಿ. ಕಪಾಟಿನಲ್ಲಿ ಎಷ್ಟಿವೆ ಅಂತ ಅದು ಕೇಳುವುದಿಲ್ಲ, ಓದಲು ಎಷ್ಟು ಕೊಟ್ಟಿರಿ ಅಂತ ಕೇಳುತ್ತದೆ. ನೂರು ಮಕ್ಕಳು ವಾರಕ್ಕೊಂದರಂತೆ ನಲವತ್ತು ವಾರ ಪುಸ್ತಕ ಒಯ್ದರೆ 4,000 ಸಲ ಪುಸ್ತಕ ಹೊರಗೆ ಹೋದಂತೆ. ಆ ಲೆಕ್ಕದಲ್ಲಿ ವರ್ಷಕ್ಕೆ 20 ಪುಸ್ತಕ ಕಳೆದರೂ ಟೀಚರ್ ತಲೆ ತಗ್ಗಿಸಬೇಕಿಲ್ಲ. ಕೀಲಿ ಹಾಕಿಟ್ಟವರಿಗೆ ಈ ವಿನಾಯಿತಿ ಸೊನ್ನೆ. ಜಾಸ್ತಿ ಕೊಟ್ಟವರಿಗೆ ಜಾಸ್ತಿ ರಕ್ಷಣೆ. ನಮ್ಮ ಪ್ರಾಥಮಿಕ ಶಾಲೆಗಳಿಗೂ ಇಂಥದ್ದೊಂದು ಆದೇಶ ಸ್ಪಷ್ಟವಾಗಿ, ಒಂದೇ ಪುಟದಲ್ಲಿ ಬರಲಿ ಅನ್ನುವುದು ನನ್ನ ಬೇಡಿಕೆ. ಚಿಕ್ಕ ಮಕ್ಕಳು ಅಂದ ಮೇಲೆ ಐದರ ಬದಲು ಇನ್ನೊಂದಿಷ್ಟು ಜಾಸ್ತಿ ಇದ್ದರೂ ನ್ಯಾಯವೇ. ಹರಿದು ಹೋದದ್ದನ್ನು ಹೆಡ್ ಮಾಸ್ತರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸೇರಿ ನೋಡಿ ದಾಸ್ತಾನಿನಿಂದ ತೆಗೆಯುವ ಅಧಿಕಾರ ಶಾಲೆಗೇ ಇರಲಿ.

ತಪಾಸಣೆಗೆ ಬರುವ ಅಧಿಕಾರಿಗಳಿಗೂ ಒಂದು ವಿನಂತಿ. ಬಂದ ಕೂಡಲೇ ದಾಸ್ತಾನು ರಜಿಸ್ಟರ್ ಕೇಳಬೇಡಿ. ವಿತರಣೆ ರಜಿಸ್ಟರ್ ಕೇಳಿ. ಇವತ್ತು ಎಷ್ಟು ಪುಸ್ತಕ ಮಕ್ಕಳ ಮನೆಯಲ್ಲಿವೆ ಅಂತ ಕೇಳಿ. ಒಂದು ಮಗುವನ್ನು ಕರೆದು, ಹೋದ ವಾರ ಏನು ಓದಿದೆ ಅಂತ ಕೇಳಿ.

ನಮ್ಮ ದೇಶದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಮೊದಲನೆಯದೇ, ಪುಸ್ತಕ ಇರುವುದು ಬಳಸಲಿಕ್ಕೆ ಅಂತ. ಅವರ ನೆನಪಿಗೆ ಆಗಸ್ಟ್ 12ನ್ನು ಗ್ರಂಥಪಾಲಕರ ದಿನ ಅಂತ ಆಚರಿಸುತ್ತೇವೆ, ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹವನ್ನೂ ಮಾಡುತ್ತೇವೆ. ಫೋಟೋಕ್ಕೆ ಹಾರ ಹಾಕುವುದು ಬೇಡ ಅನ್ನುವುದಿಲ್ಲ. ಆ ವಾರ ಕಪಾಟು ಪೂರ್ತಿ ಖಾಲಿ ಆದರೆ ಅವರಿಗೆ ಅದಕ್ಕಿಂತ ದೊಡ್ಡ ಗೌರವ ಇಲ್ಲ ಅನ್ನುತ್ತೇನೆ. ನಮ್ಮ ಹಾವೇರಿಯವರೇ ಆದ ಗಳಗನಾಥರನ್ನು ನೆನೆಸಿಕೊಳ್ಳಿ. ಅವರೂ ಕನ್ನಡ ಶಾಲೆಯ ಮಾಸ್ತರಾಗಿದ್ದವರು. ಕಾದಂಬರಿ ಬರೆದರು, ಅಚ್ಚು ಹಾಕಿಸಿದರು, ತಾವೇ ಹೊತ್ತು ಊರೂರು ತಿರುಗಿ ಜನರ ಕೈಗೆ ಮುಟ್ಟಿಸಿದರು. ಓದುಗರು ಬರಲಿ ಅಂತ ಕಾಯುತ್ತಾ ಕೂರಲಿಲ್ಲ.

ಇನ್ನೊಂದು ಮಾತು, ಬೇಸಿಗೆ ರಜೆಯದು. ಏಪ್ರಿಲ್ ಹತ್ತರ ಸುಮಾರಿಗೆ ಶಾಲೆ ಬಿಟ್ಟರೆ ಮತ್ತೆ ಶುರುವಾಗುವುದು ಮೇ ಕೊನೆಗೆ. ರಜೆಗೆ ಮುಂಚೆ ಎಲ್ಲ ಪುಸ್ತಕ ವಾಪಸ್ ತರಿಸಿ, ಎಣಿಸಿ, ಒಳಗಿಟ್ಟು ಬಿಡುತ್ತೇವೆ. ಮಗುವಿಗೆ ಓದಲು ಪುರಸೊತ್ತು ಸಿಗುವುದೇ ಆಗ! ಎರಡನೇ, ಮೂರನೇ ತರಗತಿಯಲ್ಲಿ ಕಷ್ಟಪಟ್ಟು ಕಲಿತ ಓದು ಜೂನ್‌ನಲ್ಲಿ ಮತ್ತೆ ತಡವರಿಸುತ್ತದೆ. ಎಣಿಕೆಯನ್ನು ಜೂನ್‌ಗೆ ಹಾಕಿಕೊಳ್ಳೋಣ. ಏಪ್ರಿಲ್‌ನಲ್ಲಿ ಒಂದರ ಬದಲು ಮೂರು ಪುಸ್ತಕ ಕೊಟ್ಟು ಕಳಿಸೋಣ. ಸಾಲದಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ, ಈಗ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಅಪ್ಪ ಅವ್ವ ಒಂದು ಸಲ ಕೈ ಹಿಡಿದು ಕರೆದುಕೊಂಡು ಹೋದರೆ ಸಾಕು, ಆಮೇಲೆ ದಾರಿ ಅವರಿಗೇ ಗೊತ್ತಾಗುತ್ತದೆ.

ಇದನ್ನು ಕೇಳುತ್ತಿರುವ ನಿಮ್ಮಲ್ಲಿ ಬಹಳ ಜನ ಕನ್ನಡ ಶಾಲೆಯಲ್ಲೇ ಓದಿದವರು. ನಿಮ್ಮ ಮನೆಯ ಟ್ರಂಕಿನಲ್ಲೋ ಅಟ್ಟದ ಮೇಲೋ ಶಾಲೆಯ ಸೀಲು ಬಿದ್ದ ಪುಸ್ತಕ ಇರಬಹುದು, ಒಮ್ಮೆ ನೋಡಿ. ಸಿಕ್ಕರೆ ಒಯ್ದು ಕೊಡಿ. ದಂಡ ಇಲ್ಲ, ಇಷ್ಟು ದಿನ ಎಲ್ಲಿತ್ತು ಅಂತ ಯಾರೂ ಕೇಳುವುದಿಲ್ಲ. ಶನಿವಾರ ಬೆಳಗ್ಗೆ ಬಂದರೆ ಒಳ್ಳೆಯದು, ಮಕ್ಕಳೇ ಕೂತಿರುತ್ತಾರೆ, ಹೆಸರು ಬರೆದುಕೊಳ್ಳುತ್ತಾರೆ. ಹೊಲಿಗೆ ಬಿಚ್ಚಿದ್ದರೆ ನಿಮ್ಮ ಕೈಗೇ ದಬ್ಬಣ ಕೊಟ್ಟರೂ ಕೊಟ್ಟಾರು.