ಬೆಕಾ ಕಣಿವೆಯ ದ್ರಾಕ್ಷಾರಸ

ಕೇಳುಗರಿಗೆ ನಮಸ್ಕಾರ.

ಮಂಗಳೂರಿನ ಲೈಟ್‌ಹೌಸ್ ಗುಡ್ಡದ ಮೇಲಿರುವ ಸಂತ ಅಲೋಶಿಯಸ್ ಚಾಪೆಲ್ ನಿಮಗೆ ಗೊತ್ತೇ ಇದೆ. ಅದರ ಗೋಡೆ, ಚಾವಣಿ ಒಂದನ್ನೂ ಬಿಡದೆ 1899ರಿಂದ ಚಿತ್ರ ಬರೆದವರು ಇಟಲಿಯಿಂದ ಬಂದ ಯೇಸುಸಭೆಯ, ಅಂದರೆ ಜೆಸ್ವಿಟ್ ಸಂಸ್ಥೆಯ, ಸಹೋದರ ಅಂತೋನಿಯೊ ಮೊಸ್ಕೇನಿ. ಇದೇ ಯೇಸುಸಭೆಯವರು ಅದಕ್ಕೂ ಸುಮಾರು ನಲವತ್ತು ವರ್ಷ ಮೊದಲು, ಲೆಬನಾನ್ ದೇಶದಲ್ಲಿ ದ್ರಾಕ್ಷಿ ತೋಟ ಮಾಡಿದ್ದರು. ಇವತ್ತು ಹೇಳಹೊರಟಿರುವುದು ಆ ತೋಟದ ಸಂಗತಿ. ಯಾರಿಗೂ ಕುಡಿಯಿರಿ ಎನ್ನಲು ನಾನು ಬಂದಿಲ್ಲ. ಆಕಾಶವಾಣಿಯವರೂ ಅದಕ್ಕೆ ಒಪ್ಪಲಾರರು.

ಕ್ಯಾಥೊಲಿಕ್ ಚರ್ಚಿನ ಬಲಿಪೂಜೆಗೆ ದ್ರಾಕ್ಷಾರಸ ಬೇಕೇ ಬೇಕು. ಅದು ದ್ರಾಕ್ಷಿಯದೇ ಆಗಿರಬೇಕು, ಕೆಟ್ಟಿರಬಾರದು ಎಂಬುದು ಚರ್ಚಿನ ಕಟ್ಟಳೆ. 1857ರಲ್ಲಿ, ಒಟ್ಟೋಮನ್ ಆಳ್ವಿಕೆಯ ಕಾಲದಲ್ಲಿ, ಬೆಕಾ ಕಣಿವೆಯ ಜಾಹ್ಲೆ ಪಟ್ಟಣದ ಪಕ್ಕದ ಕ್ಸಾರಾ ಎಂಬಲ್ಲಿ ಯೇಸುಸಭೆಯ ಪಾದ್ರಿಗಳು ಕೆಲಸ ಶುರು ಮಾಡಿದರು. ಬಳ್ಳಿಗಳನ್ನು ಫ್ರೆಂಚರ ಕೈಯಲ್ಲಿದ್ದ ಅಲ್ಜೀರಿಯಾದಿಂದ ತರಿಸಿದರು. ಹಣ್ಣು ಹಿಂಡುವ, ಹುಳಿ ಬರಿಸುವ, ಪೀಪಾಯಿಯಲ್ಲಿ ಇಟ್ಟು ಕಾಯುವ ಕ್ರಮವೆಲ್ಲ ಯುರೋಪಿನದು. ಆದರೆ ಬರಿಯ ಕ್ರಮದಿಂದ ದ್ರಾಕ್ಷಾರಸ ಒಳ್ಳೆಯದಾಗುವುದಿಲ್ಲ.

ಲೆಬನಾನಿನಲ್ಲಿ ಕಡಲ ಬದಿಗೆ ಒಂದು ಪರ್ವತಸಾಲು, ಒಳನಾಡಿನ ಕಡೆ ಇನ್ನೊಂದು. ನಡುವೆ ಸುಮಾರು ಸಾವಿರ ಮೀಟರ್ ಎತ್ತರದಲ್ಲಿ ಬೆಕಾ ಕಣಿವೆ. ಕಡಲಿನಿಂದ ಏಳುವ ಮೋಡವನ್ನು ಮೊದಲ ಸಾಲು ತಡೆಯುತ್ತದೆ. ನಮ್ಮಲ್ಲಿ ಘಟ್ಟ ಮಾಡುವುದೂ ಅದನ್ನೇ. ವ್ಯತ್ಯಾಸವೇನೆಂದರೆ ನಾವು ಮೋಡದ ಬದಿಯಲ್ಲಿದ್ದೇವೆ, ಬೆಕಾ ಬೆಟ್ಟದ ಬೆನ್ನಿಗಿದೆ. ಅಲ್ಲಿ ಮಳೆ, ಹಿಮ ಎರಡೂ ಚಳಿಗಾಲಕ್ಕೇ ಮುಗಿಯುತ್ತವೆ. ಬೆಟ್ಟದ ಹಿಮ ಕರಗಿ ನೆಲದಡಿಗೆ ಇಳಿದು, ಒಣ ಬೇಸಿಗೆಯಲ್ಲಿ ಬೇರಿಗೆ ಸಿಗುತ್ತದೆ. ಹಗಲಿನ ಬಿಸಿಲಿಗೆ ಹಣ್ಣಿನಲ್ಲಿ ಸಕ್ಕರೆ ಕೂಡುತ್ತದೆ. ರಾತ್ರಿಯ ಚಳಿಗೆ ಹುಳಿ ಉಳಿಯುತ್ತದೆ. ಈ ಎರಡೂ ಹದವಾಗಿ ಸೇರದಿದ್ದರೆ ರಸ ಬರೀ ಸಿಹಿನೀರು. ನಮ್ಮ ಕರಾವಳಿಯಲ್ಲಿ ಹಗಲಿಗೂ ರಾತ್ರಿಗೂ ಸೆಕೆಯಲ್ಲಿ ಅಂಥ ಅಂತರವಿಲ್ಲ. ಅಡಿಕೆಗೇ ಕೊಳೆರೋಗ ಹಿಡಿಸುವ ಆಟಿಯ ಮಳೆ ದ್ರಾಕ್ಷಿ ಬಳ್ಳಿಯನ್ನು ಬಿಟ್ಟೀತೇ? ಕ್ರಿಸ್ಮಸ್‌ಗೆ ಮನೆಯಲ್ಲೇ ವೈನ್ ಹಾಕುವ ಇಲ್ಲಿನ ಕ್ರೈಸ್ತ ಕುಟುಂಬಗಳು ಘಟ್ಟದ ಮೇಲಿನ ಕಪ್ಪು ದ್ರಾಕ್ಷಿಗೆ ಕಾಯಬೇಕಾಗಿರುವುದು ಇದಕ್ಕೇ.

ಕ್ಸಾರಾದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದುದು ಅಲ್ಲಿನ ಸುರಂಗಗಳು. ರೋಮನ್ನರ ಕಾಲದ ಗುಹೆಯೊಂದು ಪಾದ್ರಿಗಳಿಗೆ ಸಿಕ್ಕಿತು. ಅದನ್ನೇ ಮುಂದಕ್ಕೆ ಕೊರೆಸಿ ಸುಮಾರು 2 ಕಿಲೋಮೀಟರ್ ಉದ್ದದ ಸುರಂಗಜಾಲ ಮಾಡಿದರು. ಒಳಗೆ ವರ್ಷವಿಡೀ ಹನ್ನೆರಡು ಹದಿಮೂರು ಡಿಗ್ರಿಯ ತಂಪು. ವಿಟ್ಲ, ಅಡ್ಯನಡ್ಕದ ಕಡೆ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದೊಳಗೆ ಬಗ್ಗಿ ಹೋದವರಿಗೆ, ಹೊರಗೆ ಬಿಸಿಲು ಉರಿಯುತ್ತಿದ್ದರೂ ಮೈಗೆ ತಾಗುವ ಆ ತಣ್ಪು ಗೊತ್ತಿರುತ್ತದೆ. ಯಂತ್ರವಿಲ್ಲ, ವಿದ್ಯುತ್ ಬಿಲ್ಲಿಲ್ಲ. ಪೀಪಾಯಿಗಳನ್ನೂ ಸೀಸೆಗಳನ್ನೂ ಬೆಟ್ಟವೇ ಕಾಯುತ್ತದೆ.

1960ರ ದಶಕದಲ್ಲಿ ಕ್ಯಾಥೊಲಿಕ್ ಚರ್ಚಿನ ಧರ್ಮಾಧ್ಯಕ್ಷರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, ಧಾರ್ಮಿಕ ಸಭೆಗಳು ವ್ಯಾಪಾರದಿಂದ ದೂರವಿರುವುದು ಲೇಸು ಎಂಬ ಅಭಿಪ್ರಾಯ ಬಲವಾಯಿತು. 1973ರಲ್ಲಿ ಪಾದ್ರಿಗಳು ಕ್ಸಾರಾವನ್ನು ಲೆಬನಾನಿನ ಉದ್ಯಮಿಗಳಿಗೆ ಮಾರಿದರು. ಕೊಂಡವರ ಗ್ರಹಚಾರ ನೋಡಿ, ಎರಡೇ ವರ್ಷದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು, ನಿಂತದ್ದು 1990ರಲ್ಲಿ. ಆದರೂ ಕಾರ್ಖಾನೆ ಉಳಿಯಿತು.

ನನ್ನದೊಂದು ತಕರಾರಿದೆ. ಲೆಬನಾನಿಗೆ ತನ್ನವೇ ಆದ ಬಿಳಿ ದ್ರಾಕ್ಷಿಗಳಿವೆ. ಒಬೈದೆ ಮತ್ತು ಮೆರ್ವಾ. ಬೆಟ್ಟದ ಬದುಕಿಗೆ ಒಗ್ಗಿದ ಈ ತಳಿಗಳು ಬಹುಕಾಲ ಅರಕ್ ಎಂಬ ಸೋಂಪಿನ ಮದ್ಯಕ್ಕಷ್ಟೇ ಯೋಗ್ಯ ಎನಿಸಿಕೊಂಡು ಮೂಲೆಗುಂಪಾಗಿದ್ದವು. ಸೀಸೆಯ ಮೇಲೆ ಹೆಸರು ಮೆರೆದದ್ದು ಫ್ರಾನ್ಸಿನ ಕ್ಯಾಬರ್ನೆ, ಶಾರ್ಡನೆಗಳದ್ದು. ಇತ್ತೀಚಿನ ವರ್ಷಗಳಲ್ಲಿ ಕ್ಸಾರಾ ಮೆರ್ವಾವೊಂದರಿಂದಲೇ ಮಾಡಿದ ದ್ರಾಕ್ಷಾರಸವನ್ನು ಮಾರುಕಟ್ಟೆಗೆ ತಂದಿದೆ. ಒಂದೂವರೆ ಶತಮಾನ ತಡವಾಗಿ ಬಂದ ಮರ್ಯಾದೆ ಅದು.

ನಮಸ್ಕಾರ.